ಬಿಸಿಗೆ ಅರ್ಧ ಲೆಕ್ಕ

ಖಾಲಿ ಕಾಲಂ ಕಂಡರೆ ನನಗೆ ಆಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅಂಥದ್ದು. ಬ್ಯಾಂಕಿನಲ್ಲಿ ಪಕ್ಕದವರು ಚಲನ್‌ನಲ್ಲಿ ಊರಿನ ಹೆಸರು ಬರೆಯದೆ ಬಿಟ್ಟಿದ್ದರೆ ಅವರ ಕೈಯಿಂದ ಇಸಿದುಕೊಂಡು ತುಂಬಿಕೊಟ್ಟು, "ನಿಮಗ್ಯಾಕ್ರೀ ಇಲ್ಲದ ಉಸಾಬರಿ" ಎಂದು ಬೈಸಿಕೊಂಡವನು ನಾನು.

ಇದು ಅಪ್ಪನಿಂದ ಬಂದ ಆಸ್ತಿ. ಅವರು ಬೈಲಹೊಂಗಲದಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಸಂಕಲ್ಪ ಹೇಳುವಾಗ ಸಂವತ್ಸರದಿಂದ ಹಿಡಿದು ವಾರದವರೆಗೆ ಒಂದನ್ನೂ ಬಿಡುವಂತಿರಲಿಲ್ಲ. ಪೂಜೆಗೆ ಕುಳಿತ ಯಜಮಾನ ತನ್ನ ಗೋತ್ರ ಗೊತ್ತಿಲ್ಲ ಎಂದರೆ ಒಂದು ಕ್ಷಣವೂ ತಡೆಯದೆ "ಕಾಶ್ಯಪ ಗೋತ್ರ" ಎಂದು ಸೇರಿಸಿ ಮುಂದೆ ಹೋಗುತ್ತಿದ್ದರು. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪರೇ. "ಜಾಗಾ ಖಾಲಿ ಬಿಡಬಾರದಪಾ, ಏನರ ಒಂದು ಹೇಳಿ ಮುಂದ ಹೋಗಬೇಕು" ಎಂದು ನನಗೆ ಕಲಿಸಿದ್ದರು. ನಾನು ಮಂತ್ರ ಕಲಿಯಲಿಲ್ಲ. ಈ ಒಂದು ಪಾಠವನ್ನು ಮಾತ್ರ ಚೆನ್ನಾಗಿ ಕಲಿತೆ. ಅದರಿಂದ ಒಬ್ಬ ಹೆಂಗಸಿನ ಕೈಗಳು ಹೋದವು. ಅದನ್ನೇ ಈಗ ಹೇಳಬೇಕಾಗಿದೆ.

ಸವದತ್ತಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಸಿಗುವ ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸಿನಲ್ಲಿ ನನ್ನ ಕೆಲಸ. ಸಕ್ಕರೆ ಕಾರ್ಖಾನೆ ಎಂದರೆ ಹೊರಗಿನವರಿಗೆ ಸಕ್ಕರೆಯಷ್ಟೇ ನೆನಪಾಗುತ್ತದೆ. ಒಳಗೆ ನಡೆಯುವುದು ಬೇರೆ. ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿನಲ್ಲಿ ಉರಿಸಿ ಹಬೆ ಮಾಡುತ್ತಾರೆ. ಆ ಹಬೆ ಮೊದಲು ಟರ್ಬೈನು ತಿರುಗಿಸಿ ಕರೆಂಟು ಕೊಡುತ್ತದೆ. ಅಲ್ಲಿಂದ ಸುಸ್ತಾಗಿ ಹೊರಗೆ ಬಂದ ಅದೇ ಹಬೆ ಕಬ್ಬಿನ ಹಾಲನ್ನು ಕುದಿಸುತ್ತದೆ. ಒಂದೇ ಒಲೆಯ ಮೇಲೆ ಎರಡು ಅಡಿಗೆ. ಕಾರ್ಖಾನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ಕರೆಂಟನ್ನು ಮಾರುತ್ತಾರೆ.

ಮಾರುವುದೆಂದರೆ ಸವದತ್ತಿ ಸಂತೆಯಲ್ಲಿ ಬದನೆಕಾಯಿ ಮಾರಿದಂತಲ್ಲ. ಯಾವ ತಂತಿಯ ಮೇಲೆ, ಯಾವ ಮೀಟರಿನಿಂದ, ಯಾರಿಗೆ, ಯಾವ ದರಕ್ಕೆ ಎಲ್ಲದಕ್ಕೂ ನಿಯಮವಿದೆ. ಗೋಡೆಯಾಚೆಯ ಮನೆಗೆ ಒಂದು ಬಲ್ಬಿನಷ್ಟು ಕರೆಂಟನ್ನೂ ನಾವು ನೇರವಾಗಿ ಕೊಡುವಂತಿಲ್ಲ. ಅದು ಗ್ರಿಡ್ಡಿಗೆ ಹೋಗಿ, ಊರೆಲ್ಲ ಸುತ್ತಿ, ವಿದ್ಯುತ್ ಕಂಪನಿಯ ಕಂಬದಿಂದ ಇಳಿದು ಬರಬೇಕು. ನಾಳೆ ಎಷ್ಟು ಕೊಡುತ್ತೇವೆ ಎಂಬುದನ್ನು ಇಂದೇ ಬರೆದು ಕಳಿಸಬೇಕು, ಅದೂ ಕಾಲುಕಾಲು ಗಂಟೆಯ ಲೆಕ್ಕದಲ್ಲಿ. ದಿನಕ್ಕೆ ತೊಂಬತ್ತಾರು ತುಂಡು. ಅಪ್ಪ ದಿನವನ್ನು ಅರವತ್ತು ಘಳಿಗೆ ಮಾಡಿದ್ದರು, ಮಗ ತೊಂಬತ್ತಾರು ಮಾಡಿದ. ನಮ್ಮ ಮನೆತನದ ಪ್ರಗತಿ ಅಷ್ಟೇ.

ಇದನ್ನು ಮೊದಲು ಹೇಳಿ ನಕ್ಕವರು ಚಾಚಾ. ಬಾಯ್ಲರಿನ ಮುಂದೆ ನಲವತ್ತು ವರ್ಷ ನಿಂತು ಅಲ್ಲೇ ಮುದುಕರಾದವರು. ಅವರ ಹುಬ್ಬಿನಲ್ಲಿ ಕೂದಲು ಇರಲಿಲ್ಲ, ಯಾವ ಕಾಲದಲ್ಲೋ ಬೆಂಕಿ ತಿಂದುಬಿಟ್ಟಿತ್ತು. ನಾನು ಪುರೋಹಿತರ ಮಗ ಎಂದು ತಿಳಿದ ದಿನದಿಂದ ನನ್ನನ್ನು ಹುದ್ದೆಯಿಂದ ಕರೆಯಲೇ ಇಲ್ಲ. ಮುಂಜಾನೆ ನನ್ನ ಕಿಟಕಿಯ ಹತ್ತಿರ ಬಂದು, "ಏನ್ರಿ ಭಟ್ರ, ನಾಳಿ ಮುಹೂರ್ತ ಎಷ್ಟಕ್ಕ ತಗದೀರಿ? ಎಷ್ಟು ಉರಿ ಹಚ್ಚಲಿ?" ಎಂದು ಕೇಳುತ್ತಿದ್ದರು. ನಾನು ಹಾಳೆ ನೋಡಿ ಹೇಳುತ್ತಿದ್ದೆ. ಅವರು ಹಾಗೆಯೇ ಉರಿ ಹಚ್ಚುತ್ತಿದ್ದರು. ನನ್ನ ಹಾಳೆಗೂ ಅವರ ಬೆಂಕಿಗೂ ಇಂಚೂ ತಪ್ಪುತ್ತಿರಲಿಲ್ಲ. ಆ ಕಾರ್ಖಾನೆಯಲ್ಲಿ ನನಗೆ ಸ್ನೇಹಿತರೆಂದು ಇದ್ದವರು ಅವರೊಬ್ಬರೇ.

ಅವರ ಮನೆ ಕಾರ್ಖಾನೆಯ ಹಿಂದಿನ ಗೋಡೆಗೆ ಹೊಂದಿಕೊಂಡ ಓಣಿಯಲ್ಲಿತ್ತು. ಆ ಗೋಡೆಯಲ್ಲಿ ಒಂದು ತೂತು, ತೂತಿನಿಂದ ಹೊರಗೆ ಬಂದ ಒಂದು ಇಂಚಿನ ಕಬ್ಬಿಣದ ಪೈಪು, ಪೈಪಿನ ಕೆಳಗೆ ನೀರು ಹಿಡಿಯುವ ಕಲ್ಲಿನ ದೋಣಿ. ಕಬ್ಬಿನ ಹಾಲು ಕುದಿಸಿದ ಹಬೆ ತಣಿದು ನೀರಾಗುತ್ತದಲ್ಲ, ಆ ಬಿಸಿನೀರು ಕಬ್ಬು ಅರೆಯುವ ಹಂಗಾಮಿನಲ್ಲಿ ಬೇಕಾದಷ್ಟು ಮಿಗುತ್ತಿತ್ತು. ಎಷ್ಟೋ ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರುವ ಮೊದಲು, ಆಗಿನ ಸಾಹೇಬರನ್ನು ಬಾಯಿಮಾತಿನಲ್ಲಿ ಕೇಳಿ ಚಾಚಾನೇ ಅದನ್ನು ಹೊರಗೆ ಬಿಟ್ಟಿದ್ದರು. ಓಣಿಯವರು ಕೊಡ ತಂದು ತುಂಬಿಕೊಳ್ಳುತ್ತಿದ್ದರು. ಬಾಣಂತಿಗೆ, ಕೂಸಿಗೆ ಎರೆಯಲು ಅದೇ ನೀರು. ಕಬ್ಬು ಕಡಿಯಲು ಬಂದ ಹೆಂಗಸರು ಮೈಕೈಗೆ ಸುರಿದುಕೊಳ್ಳಲು ಅದೇ ನೀರು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಕೊನೆಯ ಸ್ನಾನಕ್ಕೂ ಅದೇ ನೀರು, ಹೆಣ ಯಾವ ಜಾತಿಯದಾದರೂ.

ಆದರೆ ಚಾಚಾ ಪೈಪು ಹಾಕಿದ್ದು ಊರ ಉದ್ಧಾರಕ್ಕಲ್ಲ. ಹೆಂಡತಿಗೆ.

ಚಾಚಿಗೆ ಸಣ್ಣ ವಯಸ್ಸಿನಲ್ಲೇ ಕೀಲುಗಳಲ್ಲಿ ವಾತ ಸೇರಿತ್ತು. ರಾಮದುರ್ಗದ ಡಾಕ್ಟರು, ಬೆಳಗಾವಿಯ ಡಾಕ್ಟರು, ಕಟಕೋಳದ ನಾಟಿ ವೈದ್ಯರು, ಎಲ್ಲರ ಔಷಧವೂ ಆಗಿತ್ತು. ಚಳಿಗಾಲದ ಮುಂಜಾನೆ ಅವರ ಬೆರಳುಗಳು ಮುಚ್ಚಿಕೊಂಡೇ ಇರುತ್ತಿದ್ದವು, ಮುಷ್ಟಿ ಹಿಡಿದ ಹಾಗೆ. ದೋಣಿಯ ಪಕ್ಕ ಮಣೆ ಹಾಕಿಕೊಂಡು, ಬೀಳುವ ಬಿಸಿನೀರಿಗೆ ತಣ್ಣೀರು ಬೆರೆಸಿ ಅದರಲ್ಲಿ ಕೈ ಬಿಟ್ಟುಕೊಂಡು ಒಂದು ತಾಸು ಕುಳಿತರೆ ಬೆರಳು ಒಂದೊಂದಾಗಿ ತೆರೆಯುತ್ತಿದ್ದವು. ಮೊದಲು ತೋರುಬೆರಳು, ಆಮೇಲೆ ನಡುವಿನದು. ಕಿರುಬೆರಳು ಎಲ್ಲಕ್ಕಿಂತ ಹಟಮಾರಿ. "ಇದು ನನ್ನ ಸಣ್ಣ ಸೊಸಿ, ಎಲ್ಲಾರೂ ಎದ್ದಮ್ಯಾಲೆ ಏಳತಾಳ" ಎಂದು ಚಾಚಿ ನಗುತ್ತಿದ್ದರು. ಮನೆಯಲ್ಲಿ ಬಕೆಟ್ಟಿನಲ್ಲಿ ಕಾಯಿಸಿದ ನೀರು ಐದು ನಿಮಿಷಕ್ಕೆ ಆರಿಹೋಗುತ್ತಿತ್ತು. ಅವರಿಗೆ ಬೇಕಾದದ್ದು ನಿಲ್ಲದೆ ಬೀಳುವ ಬಿಸಿ. ಚಳಿ ಬರುವುದೂ ಹಂಗಾಮು ಶುರುವಾಗುವುದೂ ಒಂದೇ ಹೊತ್ತಿಗೆ ಆದದ್ದರಿಂದ ವರ್ಷವರ್ಷವೂ ನಡೆದುಕೊಂಡು ಬಂದಿತ್ತು.

ಬೆರಳು ತೆರೆದ ಮೇಲೆ ಅವರು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಒಳಗೆ ಸಾಲುಸಾಲಾಗಿ ದಾರ ಓಡಿಸುವುದು ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಬರುತ್ತದೆ. ಆದರೆ ಚಾಚಿಯ ಸಾಲು ನೋಡಿದರೆ ಗೆರೆ ಹಾಕಿದ ಪುಸ್ತಕ ನೆನಪಾಗುತ್ತಿತ್ತು. ಸುರೇಬಾನದಿಂದ, ರಾಮದುರ್ಗದಿಂದ ಹುಡುಕಿಕೊಂಡು ಬಂದು ಕೊಟ್ಟು ಹೋಗುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಮೂರು ಮೂಲೆ ಹೊಲಿದು ಮುಗಿಸಿ, ನಾಲ್ಕನೆಯದನ್ನು ಮುಚ್ಚುವ ಮೊದಲು ಅದರೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಹೊಟ್ಟಿ ಖಾಲಿ ಇದ್ದ ಕೌದಿ ಹೊತಗೊಂಡ್ರ ನಿದ್ದಿ ಹತ್ತೂದಿಲ್ಲ ತಮ್ಮಾ" ಎಂದರು. ಖಾಲಿ ಬಿಡಬಾರದು ಅನ್ನುವ ಇನ್ನೊಬ್ಬರು ಸಿಕ್ಕರಲ್ಲ ಎಂದು ನನಗೆ ಖುಷಿಯಾಗಿತ್ತು. "ನೀವು ನಮ್ಮ ಅಪ್ಪನ ಶಿಷ್ಯರಾಗಬೇಕಿತ್ತ ನೋಡ್ರಿ" ಎಂದೆ. ಚಾಚಾ ಒಳಗಿನಿಂದಲೇ, "ಈಕಿ ಮಂತ್ರಾ ಹೇಳಾಕ ಕುಂತ್ರ ಲಗ್ನ ಮೂರು ದಿನ ಮುಗ್ಯೂದಿಲ್ರಿ" ಎಂದು ಕೂಗಿದರು.

ಚಾಚಾ ನಿವೃತ್ತರಾದ ವರ್ಷವೇ ನನ್ನ ಅವ್ವ ತೀರಿಕೊಂಡಳು. ಅವ್ವನ ತವರು ಕಿತ್ತೂರು. ಅಲ್ಲಿಂದ ಉಡಿತುಂಬಿ ಕೊಟ್ಟ ಸೀರೆಗಳನ್ನೂ, ರಾಮದುರ್ಗದ ಮಗ್ಗದ ನೂಲಿನ ಸೀರೆಗಳನ್ನೂ ಉಟ್ಟು ಉಟ್ಟು ಹತ್ತಿಯಂತೆ ಮೆತ್ತಗೆ ಮಾಡಿಟ್ಟಿದ್ದಳು. ಆ ಸೀರೆಗಳನ್ನು ಯಾರಿಗೂ ಕೊಡಲು ನನಗೆ ಮನಸ್ಸಾಗಲಿಲ್ಲ. ಟ್ರಂಕಿನಲ್ಲಿ ಇಟ್ಟುಕೊಂಡು ಏನು ಮಾಡಲಿ ಎಂಬುದೂ ಗೊತ್ತಾಗಲಿಲ್ಲ. ಒಂದು ದಿನ ಗಂಟು ಕಟ್ಟಿಕೊಂಡು ಬೈಲಹೊಂಗಲದಿಂದ ಬಸ್ಸು ಹತ್ತಿ, ಸವದತ್ತಿಯಲ್ಲಿ ಬದಲಿಸಿ, ಚಾಚಿಯ ಮುಂದೆ ತಂದಿಟ್ಟೆ. ಅವರು ಒಂದೊಂದನ್ನೇ ಬಿಚ್ಚಿ, ಮೂಗಿಗೆ ಹಿಡಿದು, "ಅರಿಷಿಣದ ವಾಸನಿ ಇನ್ನೂ ಐತಿ" ಎಂದರು. ನನಗೆ ಅಳು ಬಂತು. ಮಣ್ಣು ಮಾಡುವಾಗ ಬರದ ಅಳು ಅವತ್ತು ಅವರ ಅಂಗಳದಲ್ಲಿ ಬಂತು ಎಂದರೆ ತಪ್ಪಾಗುತ್ತದೆ, ನಮ್ಮಲ್ಲಿ ಸುಡುತ್ತಾರೆ. ಬೆಂಕಿ ಇಡುವಾಗ ಬರಲಿಲ್ಲ, ಅಲ್ಲಿ ಬಂತು. ಚಾಚಿ ಸೀರೆಯ ಮೇಲೆ ಕೈ ಆಡಿಸುತ್ತ ಕುಳಿತಿದ್ದರು. "ಅವಸರ ಮಾಡಬ್ಯಾಡ, ಎರಡು ಹಂಗಾಮು ಬೇಕು. ನಿಮ್ಮ ಅವ್ವನ ಕೌದಿ ಛೊಲೋ ಮಾಡಿ ಕೊಡತೇನಿ" ಎಂದರು.

ಈಗ ನನ್ನ ಹಾಳೆಗಳ ಕಡೆಗೆ ಬರಬೇಕು.

ಕಾರ್ಖಾನೆ ಹೊಸ ದೊಡ್ಡ ಟರ್ಬೈನು ಹಾಕಿ ಹೆಚ್ಚು ಕರೆಂಟು ಮಾರತೊಡಗಿದಾಗ ಒಂದು ಹೊಸ ತಲೆನೋವು ಬಂದಿತ್ತು. ಹಬೆಯನ್ನು ಎರಡೂ ಕೆಲಸಕ್ಕೆ ಬಳಸುವವರಿಗೆ ಕರೆಂಟು ಮಾರುವುದರಲ್ಲಿ ಬೇರೆ ಸ್ಥಾನ, ಬೇರೆ ದರ. ಹಾಗಾಗಿ ನಾವು ನಿಜವಾಗಿ ಎರಡು ಅಡಿಗೆ ಮಾಡುತ್ತಿದ್ದೇವೆಯೇ, ಅಥವಾ ಅಡಿಗೆಯ ಹೆಸರು ಹೇಳಿ ಬರೀ ಒಲೆ ಉರಿಸಿ ಮಾರುತ್ತಿದ್ದೇವೆಯೇ ಎಂದು ತೋರಿಸಬೇಕು. ಅದಕ್ಕೊಂದು ಸೂತ್ರ. ಕರೆಂಟು ಅಷ್ಟನ್ನೂ ಹಿಡಿಯಬೇಕು, ಉಪಯೋಗಕ್ಕೆ ಬಂದ ಬಿಸಿಯನ್ನು ಅರ್ಧ ಮಾತ್ರ ಹಿಡಿಯಬೇಕು. ಎರಡೂ ಕೂಡಿದರೆ ಉರಿಸಿದ್ದರಲ್ಲಿ ಇಂತಿಷ್ಟು ಪಾಲು ಆಗಬೇಕು. ಚಾಚಾಗೆ ಇದನ್ನು ವಿವರಿಸಿದಾಗ ಅವರಿಗೆ ಸಿಟ್ಟೇ ಬಂದಿತ್ತು. "ಬೆಳಕಿಗೆ ಪೂರಾ, ಬಿಸಿಗೆ ಅರ್ಧಾ? ಅದನ್ನ ಬರದಾಂವ ಒಮ್ಮೆರ ಚಳ್ಯಾಗ ಕುಂತಾನೋ ಇಲ್ಲೋ?" ಎಂದಿದ್ದರು. ನಿಯಮಕ್ಕೆ ಅದರದೇ ಕಾರಣವಿದೆ. ಅದನ್ನು ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಆ ಸೂತ್ರಕ್ಕಾಗಿ ಕಾರ್ಖಾನೆಯ ಬಿಸಿಯೆಲ್ಲ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಒಂದು ಪಟ್ಟಿ ಬರೆಯಬೇಕಿತ್ತು. ನಾನೇ ಬರೆದೆ. ಹಾಲು ಕುದಿಸಲು ಇಷ್ಟು, ಪಾಕಕ್ಕೆ ಇಷ್ಟು, ಚಿಮಣಿಯಿಂದ ಇಷ್ಟು. ಎಲ್ಲ ಕೂಡಿಸಿದರೂ ಒಂದು ಚೂರು ಹೊಂದುತ್ತಿರಲಿಲ್ಲ. ಪೈಪುಗಳ ಬೆನ್ನು ಹತ್ತಿ ಹೋದರೆ ಅದು ಹಿಂದಿನ ಗೋಡೆಯ ತೂತಿಗೆ ಹೋಗಿ ಮುಟ್ಟಿತು. ಚಾಚಿಯ ನೀರು. ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆಳಗಡೆ ಒಂದು ಸಾಲು ಖಾಲಿ ಇತ್ತು. ಗೋತ್ರ ಗೊತ್ತಿಲ್ಲದ ಬಿಸಿಗೆ ನಾನು ಕಾಶ್ಯಪ ಗೋತ್ರ ಹಚ್ಚಿದೆ: "ಲೀಕೇಜ್". ಸಹಿ ಹಾಕಿ ಕಳಿಸಿದೆ. ಪಟ್ಟಿ ಸರಿಹೊಂದಿತು ಎಂದು ಅವತ್ತು ಎರಡು ಚಹಾ ಕುಡಿದೆ. ಮರುವರ್ಷ ಹಳೆಯದನ್ನೇ ನಕಲು ಮಾಡಿದೆ. ಅದರ ಮರುವರ್ಷವೂ ಮಾಡಿದೆ.

ಅವ್ವನ ಕೌದಿ ಎರಡನೆಯ ಹಂಗಾಮಿಗೆ ಬಂದಿತ್ತು, ಎರಡು ಮೂಲೆ ಆಗಿ ಮೂರನೆಯದು ನಡೆದಿತ್ತು, ಆಗ ತಪಾಸಣೆಗೆ ಬೆಂಗಳೂರಿನ ಕಡೆಯ ಒಬ್ಬ ಅಧಿಕಾರಿ ಬಂದರು. ಹೆಂಗಸು. ನಿಧಾನವಾಗಿ ಓದುವವರು, ಕಾಗದ ತಿರುವುವಾಗ ಬೆರಳಿಗೆ ಎಂಜಲು ಹಚ್ಚದವರು. ಆ ವರ್ಷ ಸಿಪ್ಪೆ ಹಸಿಯಾಗಿ ಬಂದು ಹೆಚ್ಚು ಉರಿಸಬೇಕಾಗಿ ನಮ್ಮ ಸೂತ್ರ ಅಂಚಿನ ಮೇಲೆ ನಿಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಎಲ್ಲೆಲ್ಲಿ ಬಿಸಿ ಪೋಲಾಗುತ್ತದೆ ಎಂದು ಎಲ್ಲರೂ ಹುಡುಕುತ್ತಿದ್ದರು. ನನ್ನ ಪಕ್ಕದಲ್ಲಿ ಕಾರ್ಖಾನೆಯ ದೊಡ್ಡ ಸಾಹೇಬರು ಕುಳಿತಿದ್ದರು. ಅಧಿಕಾರಿಯ ಬೆರಳು ನನ್ನ ಪಟ್ಟಿಯ ಕೊನೆಯ ಸಾಲಿನ ಮೇಲೆ ನಿಂತಿತು.

"ಇದೇನ್ರೀ ಲೀಕೇಜು? ಮೂರು ವರ್ಷದಿಂದ ಹಾಗೇ ಇದೆ. ರಿಪೇರಿ ಮಾಡಿಸ್ಲಿಲ್ವಾ?"

"ಸಣ್ಣದದ ಮೇಡಂ" ಎಂದೆ.

"ಸಣ್ಣದೋ ದೊಡ್ಡದೋ ಅದಲ್ಲ ನಾನು ಕೇಳ್ತಿರೋದು. ಇದು ನಿಜವಾಗ್ಲೂ ಲೀಕೇಜಾ, ಇಲ್ಲಾ ಯಾರಾದ್ರೂ ಉಪಯೋಗಿಸ್ತಿದ್ದಾರಾ? ಉಪಯೋಗ ಆಗ್ತಿದ್ರೆ ಅದನ್ನ ಬೇರೆ ಕಡೆ ತೋರಿಸ್ಬೇಕು."

ಅಷ್ಟು ಸ್ಪಷ್ಟವಾಗಿ ಕೇಳಿದರು. ಇವತ್ತಿಗೂ ಆ ಪ್ರಶ್ನೆ ನನಗೆ ಅವರ ದನಿಯಲ್ಲೇ ಕೇಳಿಸುತ್ತದೆ. ನಾನು ಏನು ಹೇಳಬೇಕಿತ್ತು? ಗೋಡೆಯಾಚೆ ಒಬ್ಬರು ಮುದುಕಿ ಇದ್ದಾರೆ, ಅವರ ಬೆರಳು ಈ ನೀರಿನಿಂದ ತೆರೆಯುತ್ತವೆ, ಎದ್ದು ಬನ್ನಿ ತೋರಿಸುತ್ತೇನೆ ಎನ್ನಬೇಕಿತ್ತು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಉಪಯೋಗ ಎಂದರೆ ಯಾರ ಉಪಯೋಗ ಎಂದು ಕೇಳುತ್ತಾರೆ. ಗೋಡೆಯಾಚೆ ಎಂದರೆ ಯಾರ ಅಪ್ಪಣೆ ಎಂದು ಕೇಳುತ್ತಾರೆ. ಅಪ್ಪಣೆ ಕಾಗದದ ಮೇಲಿಲ್ಲ. ಮೂರು ವರ್ಷ ತಪ್ಪು ಬರೆದವನು ನಾನೇ ಎಂದು ಸಾಹೇಬರ ಮುಂದೆ ಬಯಲಾಗುತ್ತದೆ. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಕಾಶ್ಯಪ ಗೋತ್ರ ಎನ್ನುವಷ್ಟು ಹೊತ್ತು.

"ಲೀಕೇಜೇ ಮೇಡಂ" ಎಂದೆ.

"ಸರಿ, ಹಾಗಿದ್ರೆ ನಿಲ್ಲಿಸಿ" ಎಂದು ಬರೆದುಕೊಂಡು ಅವರು ಪುಟ ತಿರುವಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಮುಂಜಾನೆ ಫಿಟ್ಟರು ಹೋಗಿ ಪೈಪಿನ ಬಾಯಿಗೆ ಕಬ್ಬಿಣದ ತಟ್ಟೆ ಇಟ್ಟು ಬೆಸುಗೆ ಹಾಕಿದ. ಇದಕ್ಕೆ ಕಾರ್ಖಾನೆಯಲ್ಲಿ ಡಮ್ಮಿ ಹಾಕುವುದು ಎನ್ನುತ್ತಾರೆ. ಚಾಚಿ ಮಣೆ ಹಾಕಿಕೊಂಡು ಕುಳಿತಿದ್ದರಂತೆ. ಇವತ್ತು ತಡವಾಗಿದೆ, ಈಗ ಬರುತ್ತದೆ ಎಂದು ಬಿಸಿಲು ಏರುವವರೆಗೂ ಕುಳಿತೇ ಇದ್ದರಂತೆ. ಇದನ್ನು ಹೇಳಿದವರು ಚಾಚಾ. ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ನಿವೃತ್ತರಾದ ಮೇಲೂ ಬಂದಾಗಲೆಲ್ಲ ತಮಾಷೆಗೆ ಮುಹೂರ್ತ ಕೇಳುತ್ತಿದ್ದವರು ಅವತ್ತು ಕೇಳಲಿಲ್ಲ.

"ಯಾಕ್ರಿ ಭಟ್ರ, ನೀರು ಬಂದ್ ಮಾಡ್ಯಾರಲ್ಲ?"

"ಮ್ಯಾಲಿನವರ ಆರ್ಡರ್ ಆಗ್ಯದ ಚಾಚಾ" ಎಂದೆ. ಕಣ್ಣು ಹಾಳೆಯ ಮೇಲಿಂದ ಎತ್ತಲಿಲ್ಲ.

"ಯಾರ ಆರ್ಡರ?"

"ಬೆಂಗಳೂರಿಂದ."

"ಹೌದೇನು" ಎಂದು ಅವರು ಹೋದರು. ನಲವತ್ತು ವರ್ಷ ಹಬೆಯ ಸದ್ದು ಕೇಳಿಯೇ ಬಾಯ್ಲರಿನ ಒಳಗೇನಾಗಿದೆ ಎಂದು ಹೇಳುತ್ತಿದ್ದ ಮನುಷ್ಯ ಅವರು. ನನ್ನ ದನಿ ಕೇಳಿ ಅವರಿಗೆ ಏನೂ ಗೊತ್ತಾಗಿಲ್ಲ ಎಂದು ನಾನು ನಂಬಿಕೊಂಡೆ. ನಂಬುವುದು ನನಗೆ ಅನುಕೂಲವಾಗಿತ್ತು.

ತಪ್ಪು ಮಾಡಿದವನಿಗೆ ದಾನಬುದ್ಧಿ ಜಾಸ್ತಿ. ಆ ವಾರವೇ ಸವದತ್ತಿಯಲ್ಲಿ ನೀರು ಕಾಯಿಸುವ ರಾಡ್ ಕೊಂಡು ಚಾಚಿಗೆ ಕೊಟ್ಟೆ. ಮುಂಜಾನೆ ಓಣಿಯ ಕರೆಂಟಿಗೆ ಜೀವವೇ ಇರುತ್ತಿರಲಿಲ್ಲ. ರಾಡ್ ಹಾಕಿ ಅರ್ಧ ತಾಸಾದರೂ ನೀರು ಉಗುರುಬೆಚ್ಚಗೂ ಆಗುತ್ತಿರಲಿಲ್ಲ. ಮೇಲೆ ನೋಡಿದರೆ ಅವರ ಮನೆಯ ಚಾವಣಿ ದಾಟಿಕೊಂಡೇ ನಾವು ಮಾರುವ ಕರೆಂಟಿನ ದಪ್ಪ ತಂತಿಗಳು ಗುಂಯ್ ಎನ್ನುತ್ತ ಹೋಗುತ್ತಿದ್ದವು. ದೀಪದ ಬುಡದಲ್ಲಿ ಕತ್ತಲೆ ಎಂದು ಶಾಲೆಯಲ್ಲಿ ಬರೆದದ್ದನ್ನು ಅಲ್ಲಿ ನಿಂತು ನೋಡಿದೆ. ಚಾಚಿ ನನ್ನ ಮುಖ ನೋಡಿ, "ಇರಲಿ ಬಿಡು ತಮ್ಮಾ, ನೀ ತಂದಿ ಅನ್ನೂದ ಭಾಳ ಆತು" ಎಂದು ರಾಡನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗೂಡಿನಲ್ಲಿ ಇಟ್ಟರು. ಅವರ ತೋರುಬೆರಳು ಒಂದೇ ತೆರೆದಿತ್ತು.

ಹಂಗಾಮು ಮುಗಿದ ಮೇಲೆ ನಾನು ನಿಯಮದ ಪುಸ್ತಕವನ್ನು ಮೊದಲಿಂದ ಓದಿದೆ. ಮೂರು ವರ್ಷ ಅದರ ಮೇಲೆ ಊಟದ ಡಬ್ಬಿ ಇಟ್ಟಿದ್ದೆನೇ ಹೊರತು ಸರಿಯಾಗಿ ಓದಿರಲಿಲ್ಲ. ಉಪಯೋಗಕ್ಕೆ ಬಂದ ಬಿಸಿ ಎಂದರೆ ಸಕ್ಕರೆಗೇ ಬಂದಿರಬೇಕು ಎಂದು ಎಲ್ಲಿಯೂ ಕಾಣಲಿಲ್ಲ. ಅಧಿಕಾರಿಗೆ ಫೋನು ಮಾಡಿದೆ. ಒಂದು ಕಾರ್ಖಾನೆಯ ಬಿಸಿನೀರನ್ನು ಪಕ್ಕದ ಜನ ನಿತ್ಯ ಬಳಸುತ್ತಿದ್ದರೆ ಅದನ್ನು ಹೇಗೆ ತೋರಿಸಬೇಕು ಎಂದು, ಯಾರದೋ ಕಥೆ ಎಂಬಂತೆ ಕೇಳಿದೆ.

"ಅಳತೆ ಮಾಡಿ ಬಳಕೆ ಅಂತ ತೋರಿಸ್ಬಹುದಲ್ಲ. ಅರ್ಧ ಲೆಕ್ಕಕ್ಕೆ ಸಿಗುತ್ತೆ" ಎಂದರು. ಆಮೇಲೆ, "ಅವತ್ತು ಆ ಲೀಕೇಜು ಇದೇನಾ? ನಾನು ಕೇಳಿದ್ನಲ್ರೀ ನಿಮ್ಮನ್ನ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ದನಿಯಲ್ಲಿ ಬೇಸರವಷ್ಟೇ ಇತ್ತು.

ಅಂದರೆ ಆ ನೀರು ಕಾರ್ಖಾನೆಗೆ ಭಾರವೂ ಆಗಿರಲಿಲ್ಲ. ಸರಿಯಾದ ಹೆಸರು ಬರೆದಿದ್ದರೆ ಅರ್ಧವಾದರೂ ನಮ್ಮ ಕಡೆಗೇ ಬರುತ್ತಿತ್ತು. ಓಡಿಹೋಗಿ ಸಾಹೇಬರಿಗೆ ಹೇಳಿದೆ, ಪೈಪು ಮತ್ತೆ ತೆರೆಯೋಣ ಎಂದು. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿದರು. ಆದರೆ ಅಷ್ಟರಲ್ಲಿ ಆ ಬಿಸಿನೀರಿನ ಟ್ಯಾಂಕು ಬಿಚ್ಚಿಯಾಗಿತ್ತು. ಮಿಕ್ಕ ಬಿಸಿಯನ್ನೆಲ್ಲ ಬಾಯ್ಲರಿಗೆ ಹೋಗುವ ನೀರು ಕಾಯಿಸಲು ತಿರುಗಿಸಿ ಹೊಸ ಯಂತ್ರ ಕೂಡಿಸಿದ್ದರು. ಹಿಂದಿನ ಗೋಡೆಯ ಕಡೆಗೆ ಕೊಡಲು ನೀರೇ ಉಳಿದಿರಲಿಲ್ಲ. "ಮೊದಲ ಹೇಳಿದ್ರ ಅದನ್ನೂ ಹಿಡದು ಮಾಡಬಹುದಿತ್ತಲ್ರಿ" ಎಂದರು ಅವರೂ. ಆ ವರ್ಷ ಎಲ್ಲರೂ ನನಗೆ ಅದೊಂದೇ ಮಾತು ಹೇಳಿದರು.

ಅದರ ಮುಂದಿನ ಚಳಿಗಾಲ ಚಾಚಿಯ ಕೈಗಳು ಮುಚ್ಚಿದವು, ಮತ್ತೆ ತೆರೆಯಲಿಲ್ಲ. ಬೇಸಿಗೆ ಬಂದರೂ ತೆರೆಯಲಿಲ್ಲ. ನಾನು ಹೋಗುವುದನ್ನು ಕಡಿಮೆ ಮಾಡಿದ್ದೆ. ಕೆಲಸ ಜಾಸ್ತಿ ಎಂದು ಹೇಳಿಕೊಂಡಿದ್ದೆ. ಮತ್ತೆ ಹಂಗಾಮು ಶುರುವಾದ ಮೇಲೆ ಒಂದು ದಿನ ಚಾಚಾ ಹೇಳಿಕಳಿಸಿದರು: ಬಂದು ಹೋಗಬೇಕಂತೆ, ಚಾಚಿ ಕರೆಯುತ್ತಿದ್ದಾರಂತೆ.

ಹೋದೆ. ಅಂಗಳದಲ್ಲಿ ಬಿಸಿಲು ಬಿದ್ದ ಜಾಗದಲ್ಲಿ ಚಾಚಿ ಕುಳಿತಿದ್ದರು. ಎರಡೂ ಕೈ ಮಡಿಲಿನಲ್ಲಿದ್ದವು. ಅವರ ತಲೆಗೆ ಚಾಚಾ ಎಣ್ಣೆ ಹಚ್ಚಿ ಬಾಚಿದ್ದರು. ಬೈತಲೆ ಸೊಟ್ಟಗೆ ಬಂದಿತ್ತು. ಪಕ್ಕದಲ್ಲಿ ಅವ್ವನ ಕೌದಿ ಮಡಿಚಿ ಇಟ್ಟಿತ್ತು.

"ಕುಂದ್ರು ತಮ್ಮಾ. ಮೂರು ಮೂಲಿ ಆಗೇತಿ. ಮೂರನೇದ್ದ ಹೊಲಿಗಿ ನೋಡಬ್ಯಾಡ, ಹಲ್ಲಿಲೆ ಸೂಜಿ ಹಿಡದು ಎಳದೇನಿ, ಸೊಟ್ಟ ಬಂದೈತಿ. ನಾಕನೇದ್ದು ಆಗಂಗಿಲ್ಲ ಇನ್ನ. ಮಾತು ಕೊಟ್ಟಿದ್ದೆ, ಉಳಸ್ಕೊಳ್ಳಾಕ ಆಗಲಿಲ್ಲ. ನಿಮ್ಮ ಅವ್ವ ತಪ್ಪು ತಿಳೀಬಾರ್ದು."

ಹಲ್ಲಿನಿಂದ ಸೂಜಿ ಎಳೆದಿದ್ದಾರೆ. ಆಗ ಅವರು ಗೋಡೆಯ ಕಡೆಗೆ ಗದ್ದದಿಂದಲೇ ತೋರಿಸಿದರು. ದೋಣಿ ಒಣಗಿ ಅದರ ತಳದಲ್ಲಿ ಎಲೆ ಬಿದ್ದಿದ್ದವು.

"ಯಾರೋ ಲಿಕೇಜ ಐತಿ ಅಂತ ಬರದ್ರಂತಲ್ಲ? ಓಣ್ಯಾಗ ಅಂತಿದ್ರು. ಬರದಾಂವಗ ಕನ್ನಡ ಬರತಿರಾಕಿಲ್ಲ, ಪಾಪ. ಅದೇನು ಸೋರತಿತ್ತೇನು? ಸೋರೂದಕ್ಕ ಯಾರರ ಕಲ್ಲಿನ ದ್ವಾಣಿ ಇಡತಾರೇನು? ಇವರು ನನಗ ಎರದ ನೀರು ಅದು ತಮ್ಮಾ. ಇಷ್ಟು ವರ್ಷ ನನ್ನ ಕೈಗೆ ಇವರು ನೀರು ಎರದಾರ."

ಎರೆಯುವುದು. ಹುಟ್ಟಿದ ಕೂಸಿಗೆ ಎರೆಯುತ್ತೇವೆ, ಬಾಣಂತಿಗೆ ಎರೆಯುತ್ತೇವೆ, ನನಗೆ ಅವ್ವ ಹಬ್ಬದ ದಿನ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಶಬ್ದಗಳ ಮನೆಯಲ್ಲಿ ಹುಟ್ಟಿದವನು ನಾನು, ಬೇರೆಯವರ ಕಾಗುಣಿತ ತಿದ್ದುವವನು. ಆ ಖಾಲಿ ಸಾಲಿನ ಮುಂದೆ ಪೆನ್ನು ಹಿಡಿದು ಕುಳಿತಾಗ ಈ ಶಬ್ದ ನನ್ನ ಹತ್ತಿರ ಸುಳಿಯಲೂ ಇಲ್ಲ. ಬರೆದವನು ನಾನೇ ಚಾಚಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚಾಚಾ ಕೌದಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ಬರ್ರಿ ಭಟ್ರ, ಬಸ್ಸಿನ ಹೊತ್ತಾತು" ಎಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಇಬ್ಬರೂ ರಸ್ತೆಗೆ ಬಂದೆವು. ಕಬ್ಬಿನ ಟ್ರ್ಯಾಕ್ಟರು ಒಂದರ ಹಿಂದೊಂದು ಕಾರ್ಖಾನೆಯ ಗೇಟಿನತ್ತ ಸಾಲು ಹಚ್ಚಿದ್ದವು. ಸವದತ್ತಿಯ ಬಸ್ಸು ನಿಲ್ಲುವ ಕಡೆ ಬಂದು ನಿಂತು, ಕೌದಿಯನ್ನು ನನ್ನ ಕೈಗೆ ಕೊಟ್ಟರು.

"ಚಾಚಾ, ಆ ಲೀಕೇಜ್ ಅಂತ ಬರದದ್ದು..."

"ಗೊತ್ತೈತ್ರಿ" ಎಂದರು. "ನಲವತ್ತು ವರ್ಷ ಅಲ್ಲೇ ದುಡದೇನಿ. ಯಾವ ಕಾಗದಾ ಯಾರ ಬರೀತಾರ ಅಂತ ನನಗ ಗೊತ್ತಿರೂದಿಲ್ಲೇನು? ಅವತ್ತ ಕಿಡಕ್ಯಾಗ ನಿಂತಾಗನ ಗೊತ್ತಾತು."

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ.

"ಆಕಿಗೆ ಹೇಳಿಲ್ರಿ ನಾ. ನೀವೂ ಹೇಳಬ್ಯಾಡ್ರಿ. ಆಕಿ ನಿಮ್ಮ ಮ್ಯಾಲ ಭಾಳ ಜೀವಾ ಇಟ್ಟಾಳ. ಕೈ ಅಂತೂ ಹೋದ್ವು. ಅದೊಂದರ ಆಕಿ ಕಡೆ ಉಳೀಲಿ."

ಬಸ್ಸು ಬಂತು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಆಗಲೇ ಬೆನ್ನು ತಿರುಗಿಸಿ ಓಣಿಯ ಕಡೆ ಹೊರಟಿದ್ದರು. ಚಾಚಿಗೆ ಊಟ ಮಾಡಿಸುವ ಹೊತ್ತಾಗಿತ್ತು.

ಬೈಲಹೊಂಗಲದ ಮನೆಯಲ್ಲಿ ಕೌದಿ ಬಿಚ್ಚಿದಾಗ ಮಡಿಕೆಯೊಳಗಿಂದ ಒಂದು ಸಣ್ಣ ಕಾಗದದ ಪೊಟ್ಟಣ ಬಿತ್ತು. ಅದರಲ್ಲಿ ನಾಲ್ಕು ಕಾಳು ಜೋಳವಿತ್ತು. ಹೆಂಡತಿ ಸೂಜಿ ದಾರ ತಂದು, ಇದೊಂದು ಮೂಲೆ ತಾನು ಮುಗಿಸುತ್ತೇನೆ ಎಂದಳು. ಬೇಡ ಎಂದೆ. ಮೂರನೆಯ ಮೂಲೆಯ ಸೊಟ್ಟ ಹೊಲಿಗೆಯ ಮೇಲೆ ಕೈ ಆಡಿಸಿದರೆ ದಾರದಲ್ಲಿ ಅಲ್ಲಲ್ಲಿ ಗಂಟು ಸಿಗುತ್ತವೆ. ಪ್ರತಿ ಹಂಗಾಮಿನಲ್ಲೂ ನಾನು ಇನ್ನೂ ಅದೇ ಪಟ್ಟಿ ತುಂಬುತ್ತೇನೆ, ಕೊನೆಯ ಸಾಲಿಗೆ ಬಂದಾಗ ಈಗ ಬರೆಯುವುದಕ್ಕೆ ಏನೂ ಇರುವುದಿಲ್ಲ. ಜೋಳದ ಪೊಟ್ಟಣವನ್ನು ದೇವರ ಗೂಡಿನಲ್ಲಿ ಅಪ್ಪನ ಪಂಚಾಂಗದ ಪಕ್ಕ ಇಟ್ಟಿದ್ದೇನೆ. ಕೌದಿಯ ನಾಲ್ಕನೆಯ ಮೂಲೆಯನ್ನು ಯಾರಿಗೂ ಹೊಲಿಯಲು ಬಿಟ್ಟಿಲ್ಲ.